ಸಿರಾಗ್ರಂಥಿ: ಕತ್ತಿ ಮುಟ್ಟದ ಚಿಕಿತ್ಸೆಯ ಇತಿಹಾಸ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಡುವ ರೈಲಿನಲ್ಲಿ ಕುಳಿತರೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳು ಒಂದಾದ ಮೇಲೊಂದು ಬರುತ್ತವೆ. ಮೂರೂ ವ್ಯಾಪಾರದ ಊರುಗಳು. ಹಾವೇರಿಗೆ ಏಲಕ್ಕಿ ಹಾರದಿಂದ ಹೆಸರು, ಬ್ಯಾಡಗಿಗೆ ಮೆಣಸಿನಕಾಯಿಯಿಂದ, ರಾಣೇಬೆನ್ನೂರಿಗೆ ಹತ್ತಿ ಮತ್ತು ಬಿತ್ತನೆಯ ಬೀಜದಿಂದ. ವಾಚಕ ಮಹಾಶಯರೇ, ಈ ಊರುಗಳ ಪೇಟೆಯಲ್ಲಿ ಒಂದು ದಿನ ಜನರ ಮುಖ ನೋಡುವುದನ್ನು ಬಿಟ್ಟು ಅವರ ಕಾಲುಗಳನ್ನು ನೋಡುತ್ತ ನಡೆಯಿರಿ. ಚೀಲ ಹೊರುವ ಹಮಾಲ, ತೂಕದ ಕಾಟಾದ ಬಳಿಯ ಗುಮಾಸ್ತ, ಖಾನಾವಳಿಯ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುವ ತಾಯಿ, ಬಟ್ಟೆಯಂಗಡಿಯಲ್ಲಿ ದಿನವೆಲ್ಲ ಥಾನು ಬಿಚ್ಚಿ ತೋರಿಸುವ ಹುಡುಗ, ಕರಿಹಲಗೆಯ ಮುಂದಿನ ಮಾಸ್ತರ—ಇವರೆಲ್ಲರೂ ಅನ್ನ ಗಳಿಸುವುದು ನಿಂತ ಕಾಲಿನ ಮೇಲೆ.

ಈ ಕಾಲುಗಳಲ್ಲಿ ಕೆಲವು ಬೇರೆಯಾಗಿ ಕಾಣುತ್ತವೆ. ಮೊಣಕಾಲಿನ ಕೆಳಗೆ ನೀಲಿ ಬಣ್ಣದ ಹುರಿಗಳು ಹಾವಿನಂತೆ ಸುರುಳಿ ಸುತ್ತಿ ಅಲ್ಲಲ್ಲಿ ಗಂಟುಗಟ್ಟಿರುತ್ತವೆ. ಸಂಜೆಯಾದಂತೆ ಕಾಲು ಭಾರವಾಗುತ್ತದೆ, ಪಾದ ಬಾಯುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ವರ್ಷಗಳು ಕಳೆದಂತೆ ಕೆಲವರಿಗೆ ಹರಡಿನ ಬಳಿಯ ಚರ್ಮ ಕಪ್ಪಾಗಿ, ತುರಿಸಿ, ಕಡೆಗೆ ಸುಲಭವಾಗಿ ಮಾಯದ ಹುಣ್ಣಾಗುತ್ತದೆ. ವೈದ್ಯರು ಇದನ್ನು ವೇರಿಕೋಸ್ ವೇನ್ಸ್ ಎನ್ನುತ್ತಾರೆ. ನಮ್ಮ ಜನ 'ನರ ಉಬ್ಬ್ಯಾವ' ಎನ್ನುತ್ತಾರೆ. ಕತ್ತಿಯನ್ನು ಮುಟ್ಟದೆ ಇದನ್ನು ವಾಸಿಮಾಡಲು ಮನುಷ್ಯ ಪಟ್ಟ ಪಾಡಿನ ಇತಿಹಾಸ ಬಹಳ ದೀರ್ಘವಾದದ್ದು. ಆ ಇತಿಹಾಸವನ್ನು ಅರಿತರೆ ಇಂದು ನಮ್ಮ ಮುಂದಿರುವ ದಾರಿಗಳಲ್ಲಿ ಯಾವುದು ಎಲ್ಲಿಯವರೆಗೆ ಕರೆದೊಯ್ಯುತ್ತದೆ ಎಂಬುದು ತಿಳಿದೀತು.

ಮೊದಲು ಮಾತಿನ ವಿಚಾರ. 'ನರ' ಎಂಬ ಒಂದೇ ಶಬ್ದದಿಂದ ನಾವು ರಕ್ತನಾಳವನ್ನೂ ಹೇಳುತ್ತೇವೆ, ಮೆದುಳಿನಿಂದ ಬರುವ ನರತಂತುವನ್ನೂ ಹೇಳುತ್ತೇವೆ. ಆದ್ದರಿಂದಲೇ ಕಾಲಿನಲ್ಲಿ ಗಂಟು ಕಂಡವನು ಅದು ನರದೌರ್ಬಲ್ಯವೆಂದು ತಿಳಿದು ಯಾವುದೋ ಟಾನಿಕ್ಕನ್ನು ಕುಡಿಯುತ್ತ ಕೂರುವುದುಂಟು. ಇಲ್ಲಿ ಕೆಟ್ಟಿರುವುದು ನರವಲ್ಲ, ಸಿರೆ. ಶಾಲೆಯ ಪಠ್ಯಪುಸ್ತಕಗಳಲ್ಲಿ ಅಭಿಧಮನಿ ಎಂದು ಕರೆಯುವ, ಅಂಗಾಂಗಗಳಿಂದ ಹೃದಯಕ್ಕೆ ರಕ್ತವನ್ನು ಹಿಂತಿರುಗಿಸುವ ನಾಳ. ಕಾಲಿನಿಂದ ರಕ್ತ ಮೇಲಕ್ಕೇರಬೇಕಾದರೆ ಅದನ್ನು ತಳ್ಳುವವರು ಬೇಕು. ಆ ಕೆಲಸವನ್ನು ಮೀನಖಂಡದ ಸ್ನಾಯುಗಳು ಮಾಡುತ್ತವೆ. ಕಮ್ಮಾರನ ತಿದಿಯನ್ನು ನೀವು ನೋಡಿದ್ದೀರಿ. ತಿದಿಯನ್ನು ಒತ್ತಿದಾಗ ಗಾಳಿ ಮುಂದಕ್ಕೆ ಹೋಗುತ್ತದೆ; ಒಳಗಿನ ತೊಗಲಿನ ಮುಚ್ಚಳ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಸಿರೆಗಳ ಒಳಗೂ ಅಂಥ ಚಿಕ್ಕ ಚಿಕ್ಕ ಕವಾಟಗಳಿವೆ. ಅವು ಸಡಿಲಾದರೆ ರಕ್ತ ಹಿಂದಕ್ಕೆ ಜಾರಿ ಕೆಳಗಿನ ಸಿರೆಗಳಲ್ಲಿ ತುಂಬಿಕೊಳ್ಳುತ್ತದೆ. ಅಲುಗಾಡದೆ ನಿಂತವನ ಹರಡಿನ ಬಳಿ ಸಿರೆಯ ಒತ್ತಡ ಪಾದರಸದ ೮೦–೯೦ ಮಿಲಿಮೀಟರಿನಷ್ಟಿರುತ್ತದೆ. ಕವಾಟ ಸರಿಯಿದ್ದವನು ನಡೆದರೆ ಅದು ಸುಮಾರು ೩೦ಕ್ಕೆ ಇಳಿಯುತ್ತದೆ. ಕವಾಟ ಕೆಟ್ಟವನಿಗೆ ನಡೆದರೂ ಸಾಕಷ್ಟು ಇಳಿಯುವುದಿಲ್ಲ. ನಿಂತವರಿಗೆಲ್ಲ ಈ ರೋಗ ಬರುತ್ತದೆಯೆಂದಲ್ಲ; ವಂಶ, ವಯಸ್ಸು, ಗರ್ಭಧಾರಣೆ, ಮೈಭಾರ ಇವೂ ಕಾರಣಗಳೇ. ಆದರೆ ಬಂದ ರೋಗವನ್ನು ನಿಲ್ಲುವ ಕೆಲಸ ಹೆಚ್ಚಿಸುತ್ತದೆ.

ನಾನು ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ ಬ್ಯಾಡಗಿಯಲ್ಲಿ ನನ್ನ ಬಾಡಿಗೆಯ ಮನೆಯ ಪಕ್ಕದಲ್ಲಿ ಒಬ್ಬ ವೃದ್ಧ ಹಮಾಲರಿದ್ದರು. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಬೆಳಗಿನ ಜಾವ ಅವರು ಹಾಸಿಗೆಯ ಮೇಲೆಯೇ ಕಾಲು ಚಾಚಿ, ಹಳೆಯ ರುಮಾಲಿನ ಸೀಳೊಂದನ್ನು ಬೆರಳ ಬುಡದಿಂದ ಮೊದಲುಮಾಡಿ ಮೊಣಕಾಲಿನವರೆಗೆ ಸುತ್ತಿಕೊಂಡು, ಅನಂತರವೇ ನೆಲಕ್ಕೆ ಕಾಲಿಡುತ್ತಿದ್ದರು. ಎದ್ದ ಮೇಲೆ ಕಟ್ಟಿದರಾಗದೆ ಎಂದು ನಾನು ಒಮ್ಮೆ ಕೇಳಿದೆ. "ಇಳಿದ ಮ್ಯಾಲ ಕಟ್ಟಿದರ ಏನೂ ಉಪಯೋಗಿಲ್ಲ ಮಾಸ್ತರ್ರ, ನೀರು ಬಂದಮ್ಯಾಲ ಒಡ್ಡು ಹಾಕಿಧಂಗ," ಎಂದರು. ಅವರ ಹರಡಿನಲ್ಲಿ ಹಲವು ವರ್ಷದ ಹುಣ್ಣೊಂದಿತ್ತಂತೆ. ಹೀಗೆ ಕಟ್ಟುತ್ತ ಕಟ್ಟುತ್ತ ಮಾಯ್ದಿತಂತೆ. ಸುಗ್ಗಿಯ ಅವಸರದಲ್ಲಿ ಕಟ್ಟುವುದನ್ನು ಬಿಟ್ಟಾಗ ಮತ್ತೆ ಒಡೆಯಿತಂತೆ. ಅವರ ಈ ಎರಡು ಮಾತುಗಳಲ್ಲಿ ಈ ಚಿಕಿತ್ಸೆಯ ಇತಿಹಾಸದ ಬಹುಭಾಗ ಅಡಗಿದೆಯೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ನಮ್ಮ ದೇಶದ ಹಳೆಯ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕೆ ಸ್ಥಾನವುಂಟು. ಸುಶ್ರುತ ಸಂಹಿತೆಯ ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿ ಗ್ರಂಥಿಗಳ ವಿಚಾರ ಬರುತ್ತದೆ. ಅವುಗಳಲ್ಲೊಂದು ಸಿರೆಯಿಂದ ಹುಟ್ಟುವ ಗ್ರಂಥಿ. ಬಲ ಕಡಮೆಯಿದ್ದವನು ಅತಿಯಾಗಿ ಶ್ರಮಪಟ್ಟಾಗ ವಾಯುವು ಕೆರಳಿ ಸಿರೆಗಳ ಜಾಲವನ್ನು ಹಿಂಡಿ, ದುಂಡಾಗಿ ಮೇಲೆದ್ದ ಗಂಟನ್ನು ಉಂಟುಮಾಡುತ್ತದೆಂದು ಅಲ್ಲಿ ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯವು ಅದು ಹೊಸದಾಗಿರುವಾಗ ಸಹಚರವೆಂಬ ಗಿಡದ ತೈಲವನ್ನು ಕುಡಿಸುವುದು, ವಾತಹರವಾದ ಬಿಸಿ ಲೇಪವನ್ನು ಕಟ್ಟುವುದು, ಬಸ್ತಿಕರ್ಮ, ಸಿರೆಯನ್ನು ಚುಚ್ಚಿ ರಕ್ತ ತೆಗೆಯುವುದು ಎಂಬ ಉಪಾಯಗಳನ್ನು ವಿಧಿಸುತ್ತದೆ. ರೋಗವನ್ನು ಹೊಸತರಲ್ಲೇ ಹಿಡಿಯಬೇಕೆಂಬ ಈ ವಿವೇಕವನ್ನು ಗಮನಿಸಬೇಕು.

ಜಿಗಣೆಯ ಪ್ರಯೋಗವೂ ಹಳೆಯದೇ. ಸುಶ್ರುತನು ಜಿಗಣೆಗಳಲ್ಲಿ ವಿಷವುಳ್ಳವು ಆರು, ವಿಷವಿಲ್ಲದವು ಆರು ಎಂದು ಹನ್ನೆರಡು ಬಗೆಯನ್ನು ಎಣಿಸಿದ್ದಾನೆ. ಜಿಗಣೆಯಿಂದ ನಿಂತ ರಕ್ತ ಕೊಂಚ ಇಳಿದು ಬಾವು ಕಡಮೆಯಾಗುವುದು ಸಹಜ. ಆದರೆ ಕೆರೆಯ ತೂಬು ಕೆಟ್ಟಿರುವಾಗ ಕೊಡದಿಂದ ನೀರು ಮೊಗೆದರೆ ಏನಾದೀತು? ಕವಾಟ ಕೆಟ್ಟೇ ಇರುವುದರಿಂದ ರಕ್ತ ಮತ್ತೆ ತುಂಬುತ್ತದೆ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ರಕ್ತವು ದೇಹದಲ್ಲಿ ಸುತ್ತು ಹೊಡೆಯುವ ಬಗೆಯಾಗಲಿ, ಸಿರೆಯೊಳಗಿನ ಕವಾಟಗಳಾಗಲಿ ಅವರ ಅರಿವಿಗೆ ಬಂದಿರಲಿಲ್ಲ. ಅವರ ನಿಜವಾದ ಹೆಚ್ಚಳ ಮತ್ತೊಂದೆಡೆಯಲ್ಲಿದೆ. ಸುಶ್ರುತನ ಸೂತ್ರಸ್ಥಾನದ ೧೮ನೆಯ ಅಧ್ಯಾಯದಲ್ಲಿ ಕಟ್ಟುಗಳ ವಿಚಾರ ವಿಸ್ತಾರವಾಗಿ ಬರುತ್ತದೆ. ಹದಿನಾಲ್ಕು ಬಗೆಯ ಕಟ್ಟುಗಳನ್ನು ಹೆಸರಿಸಿ, ಅವುಗಳಲ್ಲಿ ಬಳ್ಳಿಯಂತೆ ಸುತ್ತುವ ಅನುವೇಲ್ಲಿತವನ್ನು ಕೈಕಾಲುಗಳಿಗೆ ಹೇಳಿದೆ. ಗಾಢ, ಸಮ, ಶಿಥಿಲ ಎಂದು ಬಿಗಿತದಲ್ಲಿ ಮೂರು ತರಗಳನ್ನೂ ಮಾಡಿದೆ. ಎಲ್ಲಿ ಎಷ್ಟು ಬಿಗಿಯಬೇಕು ಎಂಬ ಪ್ರಶ್ನೆಯೇ ಮುಂದೆ ಈ ರೋಗದ ಚಿಕಿತ್ಸೆಯಲ್ಲಿ ಮುಖ್ಯವಾಯಿತು.

ಇನ್ನು ಪಶ್ಚಿಮದ ಕಡೆಗೆ ನೋಡೋಣ. ಕ್ರಿಸ್ತಪೂರ್ವ ೧೫೫೦ರ ಸುಮಾರಿನದೆನ್ನುವ ಈಜಿಪ್ಟಿನ ಈಬರ್ಸ್ ಪಪೈರಸ್ ಎಂಬ ಗ್ರಂಥ ಹಾವಿನಂತೆ ಸುತ್ತಿಕೊಂಡ ಇಂಥ ಉಬ್ಬುಗಳಿಗೆ ಶಸ್ತ್ರ ಮುಟ್ಟಿಸಬಾರದೆಂದು ಎಚ್ಚರಿಸುತ್ತದೆ. ಗ್ರೀಸಿನ ಹಿಪ್ಪೊಕ್ರಟೀಸನ ಪರಂಪರೆಯ ಗ್ರಂಥದಲ್ಲಿ, ಕಾಲಿನಲ್ಲಿ ಹುಣ್ಣಿದ್ದವನು ನಿಲ್ಲುವುದು ಹಿತವಲ್ಲವೆಂದು ಹೇಳಿದೆ. ರೋಮಿನವರು ಧೈರ್ಯಮಾಡಿ ಕತ್ತರಿಸಿದರು. ಮಾರಿಯಸ್ ಎಂಬ ಅಲ್ಲಿಯ ಮಹಾ ಸೇನಾನಿ ತನ್ನನ್ನು ಕಟ್ಟಿಹಾಕಿಸದೆಯೇ ಒಂದು ಕಾಲಿನ ಉಬ್ಬಿದ ಸಿರೆಗಳನ್ನು ಕೊಯ್ಯಿಸಿಕೊಂಡನಂತೆ. ಮುಖ ಕಿವುಚಲೂ ಇಲ್ಲವಂತೆ. ಆದರೆ ಎರಡನೆಯ ಕಾಲನ್ನು ಒಡ್ಡೆಂದಾಗ, ಪಡುವ ನೋವಿಗೆ ಈ ವಾಸಿ ಸಾಟಿಯಲ್ಲವೆಂದು ನಿರಾಕರಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಅಂಥ ವೀರನೇ ಹಿಂಜರಿದ ಮೇಲೆ ಉಳಿದವರ ಪಾಡೇನು?

ಕಟ್ಟಿನ ಮಹಿಮೆಗೆ ಸೊಗಸಾದ ಸಾಕ್ಷಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೇಯದು. ೧೫೫೩ರಲ್ಲಿ ಎಸ್ದೆಂ ಕೋಟೆ ಬಿದ್ದಾಗ ಅವನು ಶತ್ರುಗಳ ಕೈಗೆ ಸೆರೆಸಿಕ್ಕನು. ಸೆರೆಹಿಡಿದವರ ಕಡೆಯ ಅಧಿಕಾರಿಯೊಬ್ಬನಿಗೆ ಕಾಲಿನಲ್ಲಿ ಹಲವು ವರ್ಷಗಳ ಹುಣ್ಣಿತ್ತು. ಪಕ್ಕದಲ್ಲಿ ಉಬ್ಬಿದ ಸಿರೆಯೂ ಇತ್ತು. ವಾಸಿಮಾಡಿದರೆ ಬಿಡುಗಡೆ ಎಂದು ಮಾತಾಯಿತು. ಪಾರೇ ಅವನನ್ನು ಮಲಗಿಸಿ, ಸಿರೆಯ ಮೇಲೆ ಬಟ್ಟೆಯ ಮೆತ್ತೆಯಿಟ್ಟು, ಪಾದದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತಿದನು. ಹುಣ್ಣು ಮಾಯುತ್ತ ಬಂತು. ವೈದ್ಯನಿಗೆ ಹಣ ತೆರದೆಯೇ ಬಿಡುಗಡೆಯಾಯಿತು. ಬ್ಯಾಡಗಿಯ ಕಾಕಾ ಈ ಹೆಸರನ್ನು ಎಂದೂ ಕೇಳಿದವರಲ್ಲ. ಆದರೂ ಇಬ್ಬರ ಕಟ್ಟೂ ಪಾದದಿಂದಲೇ ಮೊದಲಾಗುತ್ತದೆ.

ಕೆಳಗಿನಿಂದ ಮೇಲಕ್ಕೆ ಏಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಮೇಲೆ. ೧೬೦೩ರಲ್ಲಿ ಇಟಲಿಯ ಪಾದುವಾ ನಗರದ ಫ್ಯಾಬ್ರಿಸಿಯಸ್ ಸಿರೆಗಳೊಳಗಿನ ಕವಾಟಗಳನ್ನು ಕುರಿತು ಗ್ರಂಥ ಬರೆದನು. ಅವನ ಶಿಷ್ಯನಾಗಿದ್ದ ಇಂಗ್ಲೆಂಡಿನ ವಿಲಿಯಂ ಹಾರ್ವೆ ೧೬೨೮ರಲ್ಲಿ ರಕ್ತ ಪರಿಚಲನೆಯನ್ನು ಸಿದ್ಧಪಡಿಸಿದನು. ತೋಳಿಗೆ ಕಟ್ಟು ಹಾಕಿ, ಉಬ್ಬಿದ ಸಿರೆಯ ಮೇಲೆ ಬೆರಳೆಳೆದು, ರಕ್ತ ಹೃದಯದ ಕಡೆಗೆ ಮಾತ್ರ ಸರಿಯುತ್ತದೆಂದು ಅವನು ತೋರಿಸಿದ ಪ್ರಯೋಗವನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ಹೀಗೆ ಶತಮಾನಗಳ ರೂಢಿಗೆ ಶಾಸ್ತ್ರದ ಬೆಂಬಲ ಬಂತು: ಕಟ್ಟು ರಕ್ತ ಹೋಗಬೇಕಾದ ದಿಕ್ಕಿನಲ್ಲೇ ಸಾಗಬೇಕು, ಹರಡಿನಲ್ಲಿ ಹೆಚ್ಚು ಬಿಗಿ, ಮೇಲಕ್ಕೆ ಹೋದಂತೆ ಕಡಮೆ.

ಮುಂದಿನದು ಕಟ್ಟಿನ ಸುಧಾರಣೆಯ ಕಥೆ. ೧೬೭೬ರಲ್ಲಿ ಇಂಗ್ಲೆಂಡಿನ ರಿಚರ್ಡ್ ವೈಸ್‌ಮನ್ ಲಾಡಿಯಿಂದ ಬಿಗಿಯುವ ತೊಗಲಿನ ಕಾಲುಚೀಲವನ್ನು ವರ್ಣಿಸಿದನು. ೧೯ನೆಯ ಶತಮಾನದ ನಡುವೆ ರಬ್ಬರನ್ನು ಹದಗೊಳಿಸುವ ವಿದ್ಯೆ ಬಂದ ಮೇಲೆ ಹಿಗ್ಗಿ ಕುಗ್ಗುವ ಕಾಲುಚೀಲಗಳು ಹುಟ್ಟಿದವು. ಅದೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಉನ್ನಾ ಸತುವಿನ ಲೇಪ ಹಚ್ಚಿದ ಪಟ್ಟಿಯನ್ನು ಬೂಟಿನಂತೆ ಕಾಲಿಗೆ ಸುತ್ತುವ ಕ್ರಮವನ್ನು ತಂದನು. ಅವನ ಹೆಸರಿನ ಬೂಟು ಇಂದಿಗೂ ಬಳಕೆಯಲ್ಲಿದೆ. ಇತ್ತ ನಮ್ಮ ದೇಶದ ಕಾಲುಪಟ್ಟಿಯನ್ನು ಬ್ರಿಟಿಷ್ ಸೈನ್ಯ ತನ್ನದಾಗಿ ಮಾಡಿಕೊಂಡಿತು. 'ಪಟ್ಟಿ' ಎಂಬ ಮಾತೇ ಅವರ ನಿಘಂಟನ್ನು ಸೇರಿತು. ಅದು ಮುಳ್ಳು, ಕೆಸರುಗಳಿಂದ ಕಾಲನ್ನು ಕಾಯುವ ಉಡುಪಾಗಿತ್ತು. ಕಾಕಾನ ರುಮಾಲಿನ ಸೀಳು ಆ ಪಟ್ಟಿಯ ದಾಯಾದಿಯೇ ಸರಿ.

ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು ೧೯೫೦ರಲ್ಲಿ. ಅದೇ ಸುಮಾರಿನಲ್ಲಿ ಅಮೆರಿಕದಲ್ಲಿ ಕಾನ್ರಾಡ್ ಜಾಬ್ಸ್ಟ್ ಎಂಬ ಯಂತ್ರಶಿಲ್ಪಿ ತನ್ನ ಕಾಲಿನ ಉಬ್ಬಿದ ಸಿರೆಗಳಿಗೆ ಉಪಾಯ ಹುಡುಕುತ್ತಿದ್ದನು. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುವುದನ್ನು ಅವನು ಕಂಡನು. ತುಂಗಭದ್ರೆಯಲ್ಲಿ ಎದೆಮಟ್ಟ ನಿಂತವರಿಗೆ ಇದರ ಅನುಭವವಾಗಬಹುದು. ನೀರು ಆಳವಾದಷ್ಟೂ ಒತ್ತುವುದು ಹೆಚ್ಚು. ಪಾದದ ಬಳಿ ಅತಿ ಹೆಚ್ಚು, ಮೇಲೆ ಬಂದಂತೆ ಕಡಮೆ. ಇದೇ ಲೆಕ್ಕದಲ್ಲಿ ಅವನು ಕಾಲುಚೀಲವನ್ನು ನೇಯಿಸಿದನು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಬಿಗಿ ಕಾಲುಚೀಲಗಳ ಮೇಲೆ ೨೦–೩೦ ಎಂಬಂತೆ ಅಚ್ಚುಮಾಡಿರುವ ಸಂಖ್ಯೆ ಹರಡಿನ ಬಳಿಯ ಈ ಒತ್ತಡವನ್ನೇ ಹೇಳುತ್ತದೆ. ಹುಣ್ಣಿದ್ದವರಿಗೆ ಸುಮಾರು ೪೦ರಷ್ಟು ಒತ್ತಡದ, ಹಲವು ಪದರಗಳ ಪಟ್ಟಿ ಬೇಕಾಗುತ್ತದೆ.

ಕಟ್ಟಿನ ಜೊತೆಗೆ ಸೂಜಿಯ ಇತಿಹಾಸವೂ ಬೆಳೆಯಿತು. ೧೮೫೩ರಲ್ಲಿ ಫ್ರಾನ್ಸಿನ ಪ್ರಾವಾಜ್ ಪಿಚಕಾರಿಯಂಥ ಸೂಜಿಯ ಸಾಧನವನ್ನು ಮಾಡಿದ ಮೇಲೆ, ಕೆಟ್ಟ ಸಿರೆಯೊಳಗೆ ತೀಕ್ಷ್ಣವಾದ ದ್ರವವನ್ನು ಹಾಕಿ ಅದನ್ನು ಒಳಗಿನಿಂದಲೇ ಮುಚ್ಚಬಹುದೆಂಬ ಆಸೆ ಹುಟ್ಟಿತು. ಮೊದಮೊದಲು ಕಬ್ಬಿಣದ ಲವಣದಂಥ ಕ್ರೂರ ದ್ರವಗಳನ್ನು ಬಳಸಿದರು. ಕೀವು, ನಂಜು, ಮರಣಗಳೂ ಆದವು. ವೈದ್ಯರು ಬೆಚ್ಚಿ ಹಿಂದೆಗೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೇರೆ ರೋಗಕ್ಕಾಗಿ ಸಿರೆಗೆ ಮದ್ದು ಚುಚ್ಚುತ್ತಿದ್ದ ವೈದ್ಯರು, ಚುಚ್ಚಿದ ಸಿರೆ ಗಡಸಾಗಿ ಮುಚ್ಚಿಹೋಗುವುದನ್ನು ಕಂಡರು. ಬಿಟ್ಟ ವಿದ್ಯೆಗೆ ಮರಳಿ ಜೀವ ಬಂತು. ಉಪ್ಪಿನ ದ್ರಾವಣ ಬಂತು. ೧೯೪೬ರಲ್ಲಿ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಬಂತು. ೧೯೬೦ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಫೀಗನ್ ಎಂಬ ವೈದ್ಯನು ಸೂಜಿಮದ್ದು ಕೊಟ್ಟೊಡನೆ ಬಿಗಿಪಟ್ಟಿ ಕಟ್ಟಿ ರೋಗಿಯನ್ನು ನಡೆಯಲು ಕಳಿಸುತ್ತಿದ್ದನು. ೧೯೯೦ರ ದಶಕದಲ್ಲಿ ಇದೇ ಮದ್ದನ್ನು ಗಾಳಿಯೊಡನೆ ಕಡೆದು ನೊರೆಮಾಡಿ ಚುಚ್ಚುವ ಕ್ರಮ ಬಳಕೆಗೆ ಬಂತು. ನೊರೆ ಸಿರೆಯೊಳಗಿನ ರಕ್ತವನ್ನು ಸರಿಸಿ ಗೋಡೆಗೆ ಅಂಟುತ್ತದೆ. ಹೀಗಾಗಿ ಸ್ವಲ್ಪ ಮದ್ದೇ ಸಾಕಾಗುತ್ತದೆ. ಶಬ್ದತರಂಗದ ಯಂತ್ರದಲ್ಲಿ ಒಳಗನ್ನು ನೋಡುತ್ತ ಸೂಜಿ ನಡೆಸುವುದು ಸಾಧ್ಯವಾದದ್ದರಿಂದ ಕುರುಡುಗುರಿ ತಪ್ಪಿತು.

ಕಾವಿನ ಚಿಕಿತ್ಸೆಯೂ ಈಚಿನದೇ. ಸಣ್ಣ ರಂಧ್ರದ ಮೂಲಕ ತೆಳುವಾದ ತಂತುವನ್ನು ಸಿರೆಯೊಳಗೆ ಏರಿಸಿ, ರೇಡಿಯೋ ಅಲೆಗಳ ಶಕ್ತಿಯಿಂದಲೋ ಲೇಸರ್ ಕಿರಣದಿಂದಲೋ ಕಾಯಿಸಿ ಸಿರೆಯನ್ನು ಮುಚ್ಚುವ ಈ ವಿಧಾನ ೨೦ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಂತು. ನಿಮ್ಮ ಮನೆಗೆ ಹಾಡು ತರುವ ಅಲೆಗಳ ಬಂಧುಗಳೇ ಕಾಲಿನ ಚಿಕಿತ್ಸೆಗೂ ಬಂದವೆಂಬುದು ರೇಡಿಯೋ ಇಟ್ಟುಕೊಂಡವರಿಗೆ ಸಂತೋಷದ ಸಂಗತಿಯಲ್ಲವೆ? ಕಾಲಿಗೆ ಮಾತ್ರ ಅರಿವಳಿಕೆ ಕೊಟ್ಟು ಮಾಡಬಹುದಾದ ಕೆಲಸ ಇದು. ಸಾಮಾನ್ಯವಾಗಿ ರೋಗಿ ಅಂದೇ ನಡೆದು ಮನೆಗೆ ಹೋಗಬಹುದು. ಸಿರೆಯೊಂದನ್ನು ಮುಚ್ಚಿದರೆ ರಕ್ತ ಎಲ್ಲಿ ಹೋದೀತು ಎಂಬ ಭಯ ಬೇಡ. ಕಾಲಿನ ರಕ್ತದ ಬಹುಭಾಗವನ್ನು ಒಯ್ಯುವುವು ಸ್ನಾಯುಗಳ ನಡುವಿನ ಆಳದ ಸಿರೆಗಳು. ಅವು ಚೆನ್ನಾಗಿವೆಯೆ ಎಂದು ಮೊದಲು ಪರೀಕ್ಷಿಸಿಯೇ ಮೇಲಿನ ಕೆಟ್ಟ ಸಿರೆಯನ್ನು ಮುಚ್ಚುತ್ತಾರೆ.

ಹಾಗಾದರೆ ಕಟ್ಟು ಹಳೆಯದಾಯಿತೆ? ಇಲ್ಲ, ಅದರ ಎಲ್ಲೆ ತಿಳಿಯಿತು. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಕಾಲಿನ ಹುಣ್ಣಿನವರಲ್ಲಿ ಕೆಲವರಿಗೆ ಬಿಗಿಪಟ್ಟಿಯನ್ನು ಮಾತ್ರ ಕಟ್ಟಿದರು; ಕೆಲವರಿಗೆ ಪಟ್ಟಿಯ ಜೊತೆಗೆ ಮೇಲಿನ ಸಿರೆಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಹುಣ್ಣು ಮಾಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ವರ್ಷದೊಳಗೆ ಹುಣ್ಣು ಮರಳಿದ್ದು ಪಟ್ಟಿಯೊಂದೇ ಇದ್ದವರಲ್ಲಿ ನೂರಕ್ಕೆ ೨೮, ಸಿರೆಯನ್ನೂ ಸರಿಪಡಿಸಿದವರಲ್ಲಿ ನೂರಕ್ಕೆ ೧೨. ೨೦೧೮ರಲ್ಲಿ ಪ್ರಕಟವಾದ, ೪೫೦ ಜನರ ಮತ್ತೊಂದು ಪರೀಕ್ಷೆಯಲ್ಲಿ ಕಾವು, ನೊರೆ ಮುಂತಾದವುಗಳಿಂದ ಸಿರೆಯನ್ನು ಬೇಗನೆ ಮುಚ್ಚಿದವರ ಹುಣ್ಣು ಮಾಯಲು ನಡುಲೆಕ್ಕದಲ್ಲಿ ೫೬ ದಿನಗಳಾದರೆ, ತಡಮಾಡಿದವರಿಗೆ ೮೨ ದಿನಗಳಾದವು. ಎರಡು ಗುಂಪಿಗೂ ಪಟ್ಟಿಯಂತೂ ಇತ್ತು. ಇಂಗ್ಲೆಂಡಿನ ೨೦೧೩ರ ವೈದ್ಯಸೂತ್ರಗಳು ಮೊದಲು ಕಾವು, ಅದು ಹೊಂದದಿದ್ದರೆ ನೊರೆ, ಅದೂ ಹೊಂದದಿದ್ದರೆ ಶಸ್ತ್ರ ಎಂದು ಕ್ರಮ ಹೇಳುತ್ತವೆ. ಇವಾವುವೂ ಆಗದವರಿಗೆ ಕಾಲುಚೀಲವೊಂದೇ ಚಿಕಿತ್ಸೆ.

ಈ ಅಂಕಿಗಳನ್ನು ಓದಿದಾಗ ನನಗೆ ಕಾಕಾ ನೆನಪಾದರು. ಕಟ್ಟಿದರೆ ಮಾಯುತ್ತದೆ, ಬಿಟ್ಟರೆ ಒಡೆಯುತ್ತದೆ ಎಂದು ಅವರು ತಮ್ಮ ಕಾಲಿನಲ್ಲೇ ಕಂಡುಕೊಂಡಿದ್ದರು. ದವಾಖಾನೆಗೆ ಹೋಗಿರೆಂದರೆ "ಕೊಯ್ತಾರ" ಎಂದು ಹೆದರುತ್ತಿದ್ದರು. ಬಟ್ಟೆಗೂ ಕತ್ತಿಗೂ ನಡುವೆ ಸೂಜಿಯ ದಾರಿಯೊಂದು ಆಗಲೇ ಇತ್ತೆಂದು ಅವರಿಗೆ ತಿಳಿದಿರಲಿಲ್ಲ; ಅಕ್ಷರ ಕಲಿತ ನನಗೂ ತಿಳಿದಿರಲಿಲ್ಲ. ಕೊನೆಯವರೆಗೂ ಅವರು ಆ ಸೀಳನ್ನು ಸುತ್ತುತ್ತಲೇ ಇದ್ದರು. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಅಂಥ ಕಾಲಿದ್ದರೆ ಹುಣ್ಣಾಗುವವರೆಗೆ ಕಾಯಬೇಡಿ. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೋ, ೧೯೫೭ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ತೋರಿಸಿ, ಡಾಪ್ಲರ್ ಪರೀಕ್ಷೆಯ ವಿಚಾರ ಕೇಳಿರಿ. ಯಾವ ಕವಾಟ ಕೆಟ್ಟಿದೆಯೆಂದು ಅದರಿಂದ ತಿಳಿಯುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ಸಕ್ಕರೆಯ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ನಡೆದರೆ ಮೀನಖಂಡ ನೋಯುವವರು ತಾವಾಗಿಯೇ ಬಿಗಿಪಟ್ಟಿ ಕಟ್ಟಬಾರದು. ಕಾಲಿಗೆ ರಕ್ತ ತರುವ ಅಪಧಮನಿಯೇ ಕಿರಿದಾಗಿದ್ದರೆ ಬಿಗಿತದಿಂದ ಕಾಲಿಗೇ ಅಪಾಯ. ಒಂದು ಕಾಲು ಮಾತ್ರ ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಅದು ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು. ತಿಕ್ಕದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಉಬ್ಬಿದ ಸಿರೆ ಒಡೆದು ರಕ್ತ ಚಿಮ್ಮಿದರೆ ಗಾಬರಿಯಿಂದ ಓಡಾಡದೆ ಮಲಗಿ, ಕಾಲನ್ನು ಮೇಲೆತ್ತಿ, ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ರಕ್ತ ನಿಂತ ಮೇಲೂ ವೈದ್ಯರಿಗೆ ತೋರಿಸಲೇಬೇಕು.

ಉಳಿದದ್ದು ಎಲ್ಲರೂ ಮಾಡಬಹುದಾದದ್ದು. ನಿಂತೇ ಕೆಲಸ ಮಾಡುವವರು ನಡುನಡುವೆ ನಾಲ್ಕು ಹೆಜ್ಜೆ ನಡೆಯಲಿ. ನಡೆಯಲು ಸ್ಥಳವಿಲ್ಲದಿದ್ದರೆ ಹಿಮ್ಮಡಿಯನ್ನು ಎತ್ತಿ ಇಳಿಸಲಿ. ತಿದಿ ಆಡುತ್ತಿರಬೇಕು. ಅಂಗಡಿಯ ಯಜಮಾನರು ಗಿರಾಕಿಯಿಲ್ಲದ ಹೊತ್ತಿನಲ್ಲಿ ಕೂರಲು ಆಳುಗಳಿಗೆ ಒಂದು ಸ್ಟೂಲನ್ನು ಕೊಡಲಿ. ಸಂಜೆ ಮನೆಗೆ ಬಂದು ವಾರ್ತೆಗೆಂದು ರೇಡಿಯೋ ಹಾಕಿದಾಗ ಹಾಸಿಗೆಯ ಮೇಲೆ ಮಲಗಿ, ಎರಡು ದಿಂಬುಗಳನ್ನಿಟ್ಟು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಚಾಚಿರಿ. ವಾರ್ತೆ ಮುಗಿದು ಮುಂದಿನ ಕಾರ್ಯಕ್ರಮ ಮೊದಲಾಗುವವರೆಗೆ ಹಾಗೆಯೇ ಇರಲಿ. ಹಗಲೆಲ್ಲ ನಿಮ್ಮನ್ನು ಹೊತ್ತ ಕಾಲುಗಳಿಗೆ ಅಷ್ಟು ಹೊತ್ತಿನ ವಿಶ್ರಾಂತಿ ಸಲ್ಲಬೇಕು.